ಖಾಲಿ ತೋಟಾ ಗುಜರಿ ಸಾಮಾನಲ್ಲ

ಅಮ್ಮಸಂದ್ರದಲ್ಲಿ ನಡೆದ ಕಳೆದ ಸದಸ್ಯರ ಸಭೆಯಲ್ಲಿ ಕೊಬ್ಬರಿ ಧಾರಣೆ, ಅಡಿಕೆಯ ಹಿಂಗಾರ ಒಣಗುವ ರೋಗ, ಕಾಡುಹಂದಿಯ ಹಾವಳಿ ಇವೆಲ್ಲ ಮುಗಿದು ಉಪ್ಪಿಟ್ಟು ಕಾಫಿಗೆ ಏಳುವ ಹೊತ್ತಿಗೆ ಹಿರಿಯ ಸದಸ್ಯರೊಬ್ಬರು ಒಂದು ಪ್ರಶ್ನೆ ಎತ್ತಿದರು. "ಸ್ವಾಮಿ, ನಮ್ಮ ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬದ ತುಂಬ ಖಾಲಿ ತೋಟಾ ಅವೆ. ಗುಜರಿಯವನು ಹಿತ್ತಾಳೆ ರೇಟಿಗೆ ಕೊಡಿ ಅಂತಾನೆ. ಅಮೆರಿಕದಲ್ಲಿರೋ ಮೊಮ್ಮಗ, ಕೊಡಬೇಡ ತಾತ, ಇಲ್ಲಿ ಜನ ಅವನ್ನೇ ಆರಿಸಿಕೊಂಡು ಮತ್ತೆ ಮದ್ದು ತುಂಬುತಾರೆ ಅಂತಾನೆ. ನಾನು ಯಾರ ಮಾತು ಕೇಳಲಿ?"

ಸಭೆ ನಕ್ಕಿತು. ನಮಗೂ ಆಗ ಉತ್ತರ ತೋಚಲಿಲ್ಲ. ಮುಂದಿನ ವಾರ ಅವರ ಮನೆಗೆ ಹೋಗಿ ಡಬ್ಬವನ್ನು ಜಗಲಿಯ ಮೇಲೆ ಸುರಿದು ನೋಡಿದ ಮೇಲೆ ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಬೆಳೆಗಾರ ಬಂಧುಗಳ ಮುಂದಿಡುವುದು ಅಗತ್ಯವೆಂದು ತೋರಿತು. ಕೋವಿ ಇರುವ ಬೆಳೆಗಾರರ ಮನೆಗಳಲ್ಲಿ, ಚಿಕ್ಕನಾಯಕನಹಳ್ಳಿಯ ಗುಡ್ಡದ ಸಾಲಿನಿಂದ ಕೊಡಗಿನವರೆಗೆ, ಇಂಥ ಡಬ್ಬ ಇದೊಂದೇ ಇರಲಾರದು.

ಡಬ್ಬದಲ್ಲಿ ಹೆಚ್ಚಾಗಿದ್ದುದು 12 ಬೋರಿನ ಕೋವಿಯ ತೋಟಾಗಳು: ತಳ ಹಿತ್ತಾಳೆ, ಮೇಲಿನದು ಹಳೆಯವಕ್ಕೆ ಕಾಗದ, ಈಚಿನವಕ್ಕೆ ಪ್ಲಾಸ್ಟಿಕ್ಕು. ತಳದಲ್ಲಿ 'ಕೆ ಎಫ್' ಎಂಬ ಅಚ್ಚು. ಅದು ಪುಣೆಯ ಬಳಿಯ ಕಿರ್ಕಿಯ, ಅಂದರೆ ಈಗಿನ ಖಡ್ಕಿಯ ಕಾರ್ಖಾನೆಯದು. 1869ರಿಂದ ನಡೆದುಬಂದಿರುವ ಈ ಕಾರ್ಖಾನೆ 2021ರಿಂದ ಮ್ಯುನಿಷನ್ಸ್ ಇಂಡಿಯಾ ಸಂಸ್ಥೆಯ ಆಡಳಿತಕ್ಕೆ ಸೇರಿದೆ. ಅವುಗಳ ನಡುವೆ ಕಿರುಬೆರಳಿಗಿಂತ ಸಣ್ಣವಾದ ಅಪ್ಪಟ ಹಿತ್ತಾಳೆಯ ಕೆಲವು ತೋಟಾಗಳಿದ್ದವು. ಸದಸ್ಯರ ಮಾವನವರು ಚಿಕ್ಕಮಗಳೂರು ಕಡೆ ಕಾಫಿ ತೋಟ ಮಾಡಿದವರು, ಅವರ ಬಳಿ.32 ಬೋರಿನ ರಿವಾಲ್ವರು ಇತ್ತಂತೆ. ಅವರು ತೀರಿಕೊಂಡಾಗ ರಿವಾಲ್ವರನ್ನು ಠಾಣೆಗೆ ಒಪ್ಪಿಸಿದರು. ಡಬ್ಬದ ನೆನಪು ಯಾರಿಗೂ ಆಗಲಿಲ್ಲ.

ಮೊಮ್ಮಗ ಹೇಳಿದ್ದು ಸುಳ್ಳಲ್ಲ. ಅಮೆರಿಕದಲ್ಲಿ ಗುರಿ ಅಭ್ಯಾಸದ ಮೈದಾನಗಳಲ್ಲಿ ಉದುರಿದ ಪಿಸ್ತೂಲಿನ ತೋಟಾಗಳನ್ನು ಗುಡಿಸಿ ಒಯ್ದು, ಮನೆಯಲ್ಲೇ ಹಳೆಯ ಕೇಪು ತೆಗೆದು ಹೊಸದು ಕೂಡಿಸಿ, ಮದ್ದು ಗುಂಡು ತುಂಬಿಕೊಳ್ಳುವುದು ಲಕ್ಷಾಂತರ ಜನರ ಹವ್ಯಾಸ. ಆ ಕೆಲಸದ ಮುಕ್ಕಾಲು ಭಾಗ ತುಂಬುವುದಲ್ಲ, ವಿಂಗಡಿಸುವುದು. ಅಡಿಕೆಯಲ್ಲಿ ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಬಳಸುವುದೂ ಒಂದರ ಮೇಲೊಂದು ಕೂಡಿಸಿದ ಜರಡಿಗಳನ್ನೇ. ಕಾಫಿಯ ಎಎ ದರ್ಜೆಗೆ ಒಂದು ಜರಡಿ, ಎ ದರ್ಜೆಗೆ ಅದಕ್ಕಿಂತ ಸಣ್ಣ ತೂತಿನದು ಎನ್ನುವಂತೆ ದಪ್ಪದ ತೋಟಾ ಮೇಲೆ ನಿಲ್ಲುತ್ತದೆ, ಸಣ್ಣದು ಕೆಳಗೆ ಬೀಳುತ್ತದೆ. ಆದರೆ ಜರಡಿಗೆ ದಪ್ಪ ಗೊತ್ತೇ ಹೊರತು ಉದ್ದ ಗೊತ್ತಿಲ್ಲ. 9 ಮಿಲಿಮೀಟರಿನ ಪಿಸ್ತೂಲಿನ ಹಿತ್ತಾಳೆ 19 ಮಿಲಿಮೀಟರು ಉದ್ದ. ಅದೇ ಜರಡಿಯಲ್ಲಿ ಜೊತೆಗೇ ಬೀಳುವ.380ರದು 17 ಮಾತ್ರ. ಇಲ್ಲಿ ಕೊನೆಗೆ ಕಣ್ಣೇ ಬೇಕು.

ನಮ್ಮ ದೇಶದಲ್ಲಂತೂ ಹೆಸರೇ ಮೋಸ ಮಾಡುತ್ತದೆ. ರಿವಾಲ್ವರಿನದೂ .32, ಪಿಸ್ತೂಲಿನದೂ .32. ಆದರೆ ಒಂದರ ಹಿತ್ತಾಳೆ ಸುಮಾರು 23 ಮಿಲಿಮೀಟರು, ಅಂಚು ಎದ್ದು ಕಾಣುತ್ತದೆ. ಇನ್ನೊಂದರದು ಸುಮಾರು 17, ಅಂಚು ಇದ್ದೂ ಇಲ್ಲದ ಹಾಗೆ. ಒಂದರ ತೋಟಾ ಇನ್ನೊಂದಕ್ಕಲ್ಲ. ಒಳಗೆ ಬೆಳಕು ಬಿಟ್ಟು ನೋಡಿದರೆ ಮತ್ತೊಂದು ಭೇದ: ಕೆಲವಕ್ಕೆ ತಳದ ನಡುವೆ ಒಂದೇ ತೂತು, ಕೆಲವಕ್ಕೆ ಎರಡು ಸಣ್ಣ ತೂತು. ಒಂದು ತೂತಿನದು ಬಾಕ್ಸರ್ ಎಂಬ ಇಂಗ್ಲಿಷ್ ಅಧಿಕಾರಿಯ ಪದ್ಧತಿ, ಎರಡು ತೂತಿನದು ಬರ್ಡನ್ ಎಂಬ ಅಮೆರಿಕದವನದು, ಎರಡೂ 1866ರವು. ವಿಚಿತ್ರವೆಂದರೆ ಅಮೆರಿಕದವರು ಇಂಗ್ಲಿಷಿನವನದನ್ನು ಹಿಡಿದರು, ಯೂರೋಪಿನ ಬಹುಭಾಗ ಅಮೆರಿಕದವನದನ್ನು ಹಿಡಿಯಿತು. ಕೊಡಗಿನಲ್ಲಿ ಕೈಲ್ ಪೊಳ್ದ್ ಸಮಯಕ್ಕೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದಲ್ಲ, ಅಲ್ಲಿ ಉದುರುವ .22 ತೋಟಾ ಮತ್ತೆ ತುಂಬಲು ಬಾರದೇ ಬಾರದು. ಅದಕ್ಕೆ ಬೇರೆ ಕೇಪೇ ಇಲ್ಲ, ಕಿಡಿಯ ಮದ್ದು ತಳದ ಅಂಚಿನೊಳಗೇ ಇರುತ್ತದೆ. (ಅಷ್ಟೊಂದು ಕಾಯಿ ಪುಡಿಯಾಗುವುದನ್ನು ನೋಡಲು ತಿಪಟೂರು ಸೀಮೆಯವರಾದ ನಮಗೆ ಕಷ್ಟವೆನಿಸುವುದು ಬೇರೆ ಮಾತು.)

ಇನ್ನು ಹಿತ್ತಾಳೆಯ ಗುಣ. ತೋಟಾದ ಹಿತ್ತಾಳೆಯಲ್ಲಿ ನೂರಕ್ಕೆ 70 ತಾಮ್ರ, 30 ಸತು. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ದಂಡುಗಳಲ್ಲಿ ಒಂದು ವಿಚಿತ್ರ ಕಂಡುಬಂತು. ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ತೋಟಾಗಳು ಯಾರೂ ಮುಟ್ಟದೆ ತಾವಾಗಿಯೇ ಬಿರಿಯುತ್ತಿದ್ದವು. ಮಳೆಗಾಲದ ಬಿರುಕೆಂದೇ ಅದಕ್ಕೆ ಹೆಸರು ಬಿತ್ತು. ಕುದುರೆಯ ಗಂಜಳದಿಂದ ಏಳುವ ಅಮೋನಿಯ, ತೇವ, ಹಿತ್ತಾಳೆಯನ್ನು ಎಳೆದು ಅಚ್ಚಿಗೆ ತರುವಾಗ ಅದರೊಳಗೆ ಉಳಿದ ಬಿಗುವು, ಈ ಮೂರೂ ಸೇರಿದ್ದರ ಫಲ ಅದು ಎಂದು ವಿವರಿಸಿದ ಲೇಖನ 1921ರಲ್ಲಿ ಬಂತು. ನಮ್ಮ ಸದಸ್ಯರ ಡಬ್ಬ ಇದ್ದದ್ದು ಎಲ್ಲಿ? ದನದ ಕೊಟ್ಟಿಗೆಯ ಮೇಲಿನ ಅಟ್ಟದಲ್ಲಿ. ಎಷ್ಟು ಮಳೆಗಾಲದಿಂದ ಎಂಬುದು ಅವರಿಗೂ ನೆನಪಿಲ್ಲ. ಬಾಯಂಚಿನಲ್ಲಿ ಕೂದಲೆಳೆಯಂಥ ಗೆರೆ ಮೂಡಿದ ಎರಡು ಮೂರನ್ನು ನಾವೇ ಆರಿಸಿ ತೋರಿಸಿದೆವು. ಹುಣಸೆಹಣ್ಣು ಹಾಕಿ ತಿಕ್ಕಿದ್ದರೆ ಅವೂ ಹೊಸದರಂತೆ ಹೊಳೆಯುತ್ತಿದ್ದವು, ಬಿರುಕು ಮಾತ್ರ ಮುಚ್ಚುತ್ತಿರಲಿಲ್ಲ. ಇಂಥದಕ್ಕೆ ಮದ್ದು ತುಂಬಿ ಮುಖದ ಹತ್ತಿರ ಹಿಡಿದು ಹೊಡೆಯುವವನ ಗತಿಯನ್ನು ಓದುಗರೇ ಊಹಿಸಬಹುದು.

"ನಮ್ಮ ತಾತನವರು ತುಂಬುತ್ತಿರಲಿಲ್ಲವೇ?" ಎಂದು ಕೇಳುವವರಿದ್ದಾರೆ. ತುಂಬುತ್ತಿದ್ದರು. ಆಗಿನದು ಕರಿಮದ್ದು. ಈಗಿನ ಹೊಗೆಯಿಲ್ಲದ ಮದ್ದನ್ನು ಕರಿಮದ್ದಿನ ಅಳತೆಯಲ್ಲಿ ಸುರಿದರೆ ನಳಿಗೆಯೇ ಸಿಡಿಯುತ್ತದೆ. ತಾತನ ಧೈರ್ಯ ನಮಗೆ ಬಂದಿರಬಹುದು, ತಾತನ ಮದ್ದು ಬಂದಿಲ್ಲ.

ಕಾನೂನಿನ ಮಾತನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಸಭೆಯಲ್ಲಿ "ಖಾಲಿಗೆ ಎಂಥಾ ಕಾನೂನು" ಎಂದವರೂ ಇದ್ದರು. 1959ರ ಶಸ್ತ್ರಾಸ್ತ್ರ ಕಾಯಿದೆಯ 2ನೇ ಕಲಮಿನ ಪ್ರಕಾರ ಮದ್ದುಗುಂಡು ಎಂದರೆ ಅದರ ಬಿಡಿಭಾಗವೂ ಸೇರಿತು, ತಯಾರಿಸುವ ಯಂತ್ರವೂ ಸೇರಿತು. ಆದರೆ 45ನೇ ಕಲಮಿನಲ್ಲಿ ಒಂದು ರಿಯಾಯಿತಿ ಇದೆ: ಜೊತೆಯ ಭಾಗಗಳೊಂದಿಗೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಸಣ್ಣಪುಟ್ಟ ಬಿಡಿಭಾಗ ಇಟ್ಟುಕೊಂಡವರಿಗೆ ಕಾಯಿದೆ ತಗಲುವುದಿಲ್ಲ. ಮಾವನವರ ನೆನಪಿಗೆಂದು ಇಟ್ಟ ಖಾಲಿ ಹಿತ್ತಾಳೆ ಈ ನೆರಳಿನಲ್ಲಿ ನಿಲ್ಲುತ್ತದೆ. ಅದೇ ಡಬ್ಬದ ಪಕ್ಕದಲ್ಲಿ ಒಂದು ಪೊಟ್ಟಣ ಮದ್ದು, ಒಂದು ಹಿಡಿ ಕೇಪು, ಸೀಸ ಕರಗಿಸುವ ಅಚ್ಚು ತಂದಿಟ್ಟರೆ ಆ ನೆರಳು ಹೋಯಿತು. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವವರಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿರುವ ವಿನಾಯಿತಿ ಸಹ ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟಾ ತಯಾರಿಸುವುದಕ್ಕಲ್ಲ.

ಹಾಗಾದರೆ ಗುಜರಿಗೆ ಕೊಡಬಹುದೇ? ಅದೂ ಬೇಡವೆಂಬುದೇ ನಮ್ಮ ಅಭಿಪ್ರಾಯ. ತಕ್ಕಡಿಗೆ ಹೋದ ತೋಟಾ ನಾಗಮಂಗಲದ ಹಿತ್ತಾಳೆ ಕುಲುಮೆಗೇ ಸೇರುತ್ತದೆಂದು ಯಾರು ಹೇಳಬಲ್ಲರು? ಕಳ್ಳಬೇಟೆಯವನ ನಾಡಬಂದೂಕಿಗೂ ಅದೇ ಬೇಕು. ನಿಮ್ಮ ಕೈಯಿಂದ ಹೋದ ಹಿತ್ತಾಳೆಯಲ್ಲಿ ತುಂಬಿದ ಚರೆ ನಿಮ್ಮದೇ ಗುಡ್ಡದ ಅಂಚಿನಲ್ಲಿ ಮೇಯುವ ದನಕ್ಕೆ ಬೀಳಬಹುದು, ದನ ಕಾಯುವ ಹುಡುಗನಿಗೂ ಬೀಳಬಹುದು. ಅಲ್ಲದೆ ಗುಜರಿಯವನು ಖಾಲಿಯನ್ನೂ ತುಂಬಿದ್ದನ್ನೂ ಆರಿಸಿ ನೋಡುವುದಿಲ್ಲ.

ಈ ಮಾತನ್ನು ಕಾರಣವಿದ್ದೇ ಹೇಳುತ್ತಿದ್ದೇವೆ. ಹೊಡೆದ ತೋಟಾದ ಕೇಪಿನ ಮೇಲೆ ಸೂಜಿ ಬಡಿದ ಗುಳಿ ಇರುತ್ತದೆ. ಜಗಲಿಯ ಮೇಲೆ ಒಂದೊಂದನ್ನೇ ತಿರುಗಿಸಿ ನೋಡುತ್ತ ಹೋದಾಗ ರಿವಾಲ್ವರಿನ ಎರಡರಲ್ಲಿ ಗುಳಿ ಇರಲಿಲ್ಲ; ಮೇಲೆ ಸೀಸದ ಗುಂಡೂ ಕೂತಿತ್ತು. ಇಷ್ಟು ವರ್ಷ ಅವು ಖಾಲಿಗಳ ಜೊತೆ ಖಾಲಿಯಾಗಿಯೇ ಇದ್ದವು. ಬೇಸಿಗೆ ರಜದಲ್ಲಿ ಮೊಮ್ಮಕ್ಕಳು ಅದೇ ಡಬ್ಬದಿಂದ ಪೀಪಿ ಊದಲು ಆರಿಸಿಕೊಳ್ಳುತ್ತಿದ್ದರು ಎಂದು ಮನೆಯಾಕೆ ಹೇಳಿದಾಗ ನಮ್ಮ ಯಜಮಾನರ ಮುಖ ಬಿಳುಚಿತು. ಪೀಪಿ ಊದುವುದೂ ಕೆಟ್ಟದ್ದೇ. ಕೇಪಿನ ಮಸಿಯಲ್ಲಿ ಸೀಸದ ಅಂಶವಿರುತ್ತದೆ. ನಾವೂ ಸೋಪು ಹಾಕಿ ಎರಡು ಸಲ ಕೈ ತೊಳೆದ ಮೇಲೆಯೇ ಎಲೆ ಅಡಿಕೆ ಮುಟ್ಟಿದ್ದು.

ಆ ಎರಡನ್ನು ಠಾಣೆಗೆ ಒಪ್ಪಿಸಬೇಕೆಂದೆವು. ಯಜಮಾನರು ಒಪ್ಪಲಿಲ್ಲ. "ಈ ವಯಸ್ಸಿನಲ್ಲಿ ಕೇಸು ಹಾಕಿಸಿಕೊಳ್ಳಲೇ? ಕೆರೆಗೆ ಎಸೆದುಬಿಡುತ್ತೇನೆ" ಎಂದರು. ಅವರ ಭಯ ನಮಗೂ ಅರ್ಥವಾಗುತ್ತದೆ. ಕಾನೂನಿಗೆ ಹೆದರಿ ಕಾನೂನು ಪಾಲಿಸದಿರುವ ಸ್ಥಿತಿಯಲ್ಲಿ ನಮ್ಮ ಎಷ್ಟೋ ಬೆಳೆಗಾರರಿದ್ದಾರೆ. ಚುನಾವಣೆ ಬಂದಾಗಲೆಲ್ಲ ಕೋವಿ ಒಪ್ಪಿಸಿ, ಹಂದಿ ನುಗ್ಗಿದ ರಾತ್ರಿ ತಗಡಿನ ಡಬ್ಬ ಬಡಿದು ಕೂತವರಿಗೆ ಠಾಣೆಯ ಮೆಟ್ಟಿಲು ಪ್ರಿಯವಾಗಿರಲು ಸಾಧ್ಯವಿಲ್ಲ. ಆದ್ದರಿಂದಲೇ ಇದು ಒಬ್ಬೊಬ್ಬರಾಗಿ ಮಾಡುವ ಕೆಲಸವಲ್ಲ, ಸಂಘ ಮುಂದೆ ನಿಂತು ಮಾಡಿಸಬೇಕಾದದ್ದು. ವರ್ಷಕ್ಕೊಂದು ದಿನ ಗೊತ್ತುಮಾಡಿ, ಅಧಿಕಾರಿಗಳ ಎದುರಿಗೆ ಸದಸ್ಯರ ಖಾಲಿ ತೋಟಾಗಳನ್ನು ಬೋರಿನ ಪ್ರಕಾರ ವಿಂಗಡಿಸಿ, ಎಣಿಸಿ, ಪರವಾನಗಿ ಪುಸ್ತಕದ ಲೆಕ್ಕಕ್ಕೆ ತಾಳೆ ನೋಡಿ, ಬಾಯಿ ಚಪ್ಪಟೆ ಮಾಡಿ ಹಿತ್ತಾಳೆಯಾಗಿ ಮಾರಿ ಹಣವನ್ನು ಸದಸ್ಯರಿಗೆ ಕೊಡಬಹುದು. ಸಿಡಿಯದೆ ಉಳಿದ ಹಳೆಯ ತೋಟಾ ಇದ್ದವರು ಅದೇ ದಿನ ನಿರ್ಭಯವಾಗಿ ತಂದು ಒಪ್ಪಿಸುವಂತಿರಬೇಕು. ಇದಕ್ಕೆ ಅನುಮತಿ ಕೋರಿ ಜಿಲ್ಲಾಧಿಕಾರಿಗಳಿಗೆ ಸಂಘದಿಂದ ಮನವಿ ಹೋಗಬೇಕೆಂದು ಮುಂದಿನ ಸಭೆಯಲ್ಲಿ ಗೊತ್ತುವಳಿ ಮಂಡಿಸಲಿದ್ದೇವೆ. ಹೊಸ ತೋಟಾದ ಬೆಲೆ ಸಣ್ಣ ಹಿಡುವಳಿದಾರನ ಕೈಗೆಟುಕದು ಎಂಬ ದೂರು ನಿಜವೇ. ಅದನ್ನೂ ಅದೇ ಮನವಿಯಲ್ಲಿ ಬರೆಯೋಣ.

ಕೊನೆಗೆ ಯಜಮಾನರು ನಮ್ಮ ಜೊತೆ ಹೊರಟರು. ಎರಡು ತೋಟಾಗಳನ್ನು ಒಂದು ಕಾಗದದಲ್ಲಿ ಸುತ್ತಿ, ಅವು ಎಲ್ಲಿ ಹೇಗೆ ಸಿಕ್ಕವೆಂದು ಇನ್ನೊಂದು ಕಾಗದದಲ್ಲಿ ಬರೆದು ರುಜು ಹಾಕಿದ್ದರು. ಅರ್ಧ ದಿನ ಹಿಡಿಯಿತು. ಒಬ್ಬರಿಗೆ ಹೇಳಿದ್ದನ್ನೇ ಮತ್ತೊಬ್ಬರಿಗೆ ಹೇಳಬೇಕಾಯಿತು. ಸ್ವೀಕೃತಿ ಬರೆದುಕೊಟ್ಟರು, ಕೇಸು ಹಾಕಲಿಲ್ಲ. ಖಾಲಿ ತೋಟಾಗಳು ಈಗ ಕೊಟ್ಟಿಗೆಯ ಅಟ್ಟದಿಂದ ಇಳಿದು ಕೋಣೆಯ ಬೀರುವಿನಲ್ಲಿವೆ, ಬೋರಿಗೊಂದು ಚೀಲ, ಚೀಲದ ಮೇಲೆ ಎಣಿಕೆ. ಮೊನ್ನೆ ಗುಜರಿಯವನು ಮತ್ತೆ ಬಂದಿದ್ದನಂತೆ. ಹಳೆಯ ಪಂಪ್‌ಸೆಟ್ಟಿನ ಪೈಪು ಕೊಟ್ಟು ಕಳಿಸಿದ್ದಾರೆ.