ಮೌನ ಯಾರದು?

ಕಾಪುವಿನ ನಮ್ಮ ನೆರೆಮನೆಯ ಹಿರಿಯಮ್ಮನವರು ಕೆಲವು ವರ್ಷಗಳ ಹಿಂದೆ ಹದಿನೈದು ದಿನ ಸೊಸೆಯ ಮೇಲೆ ಮುನಿಸಿಕೊಂಡಿದ್ದರು. ಮಗ ಮದುವೆಯಾಗಿ, ಹೆಂಡತಿಯೊಡನೆ ಮೊದಲ ಬಾರಿಗೆ ದುಬೈಗೆ ಹೋದ ಹೊಸತು. ಇವರು ವಾಟ್ಸ್ಆಪ್‌ನಲ್ಲಿ ಎಷ್ಟು ಸಲ ಕರೆದರೂ ಆ ಕಡೆಯಿಂದ ಧ್ವನಿಯಿಲ್ಲ.

“ಕಾರ್ಕಳದ ತಂಗಿಯನ್ನು ಕರೆದರೆ ಮರುಕ್ಷಣವೇ ಮುಖ ಕಾಣುತ್ತದೆ. ಮಣಿಪಾಲದಲ್ಲಿ ಓದುವ ಮೊಮ್ಮಗಳೂ ತರಗತಿ ಮುಗಿದೊಡನೆ ಮಾತನಾಡುತ್ತಾಳೆ. ಮಗನಿಗೆ ಮಾತ್ರ ತಾಯಿ ಬೇಡವಾದಳೇ?” ಎಂಬುದು ಅವರ ಅಳಲು. “ಇಲ್ಲಿ ಕರೆ ಹತ್ತುವುದಿಲ್ಲ, ಅಮ್ಮ” ಎಂದು ಮಗ ಬರೆದದ್ದು ಬರಿಯ ನೆಪವಾಗಿ ತೋರಿತು. ಬರಹ ಬರುವ ದಾರಿಯಲ್ಲಿ ಮಾತು ಬಾರದೇ? ಸೊಸೆಯೇ ತಡೆಯುತ್ತಿರಬೇಕೆಂದು ನೆರೆಹೊರೆಯ ನ್ಯಾಯಾಲಯ ತೀರ್ಪನ್ನೂ ಕೊಟ್ಟಿತು!

ನಿಜಸಂಗತಿಯನ್ನು ತಿಳಿಸಿದವಳು, ಭಾನುವಾರ ಬಂದ ಮೊಮ್ಮಗಳು. ಯು.ಎ.ಇ.ಯಲ್ಲಿ ವಾಟ್ಸ್ಆಪ್‌ನ ಸಂದೇಶಕ್ಕೆ ಅಡ್ಡಿಯಿಲ್ಲ. ಅಡ್ಡಿಯಿರುವುದು ಅದರ ಕರೆಗೆ. ಅಂತರ್ಜಾಲದ ಮೂಲಕ ಮಾತನಾಡಬೇಕಾದರೆ ಬೋಟಿಮ್ ಮೊದಲಾದ, ಅಲ್ಲಿಯ ಸರಕಾರದ ಒಪ್ಪಿಗೆ ಪಡೆದ ಆಪ್‌ಗಳನ್ನೇ ಬಳಸಬೇಕು. ಮೊಬೈಲು ಹಿಡಿಯುವ ರೀತಿಯೂ ಬೇರೆ. ಮಲ್ಪೆಯ ಕಡಲತೀರದಲ್ಲಿ ದಾರಿಹೋಕರೆಲ್ಲ ನಮ್ಮ ಚಿತ್ರದೊಳಗೆ ಬಂದರೂ ಕೇಳುವವರಿಲ್ಲ. ಅಲ್ಲಿ ಒಪ್ಪಿಗೆಯಿಲ್ಲದೆ ಪರರ ಚಿತ್ರ ತೆಗೆಯುವುದು ಅಪರಾಧ. “ಪೇಟೆಯನ್ನೊಮ್ಮೆ ತೋರಿಸು” ಎಂದು ತಾಯಿ ಹಟ ಹಿಡಿದರೆ ಮಗ ಏನು ಮಾಡಬೇಕು? ಗಡಿಯಾರವೂ ಹೊಂದದು. ಇಲ್ಲಿ ರಾತ್ರಿ 8 ಹೊಡೆದಾಗ ಅಲ್ಲಿ ಇನ್ನೂ ಸಂಜೆ 6.30, ಮಗ ಕಚೇರಿಯಿಂದ ಮನೆಗೆ ಹೊರಟಿರುವ ಹೊತ್ತು.

ಮೊಮ್ಮಗಳು ಅಜ್ಜಿಯ ಮೊಬೈಲಿಗೆ ಬೋಟಿಮ್ ಹಾಕಿಕೊಟ್ಟಳು. ರಾತ್ರಿ 9ಕ್ಕೆ ಮಾತು ಎಂದು ನಿಶ್ಚಯವಾಯಿತು. ಮನೆ ಸೇರಿದೊಡನೆ ಮಗನಿಂದ ಒಂದು ಮಿಸ್ಡ್ ಕಾಲ್. ನಮ್ಮವರಿಗೆ ಕಾಸು ಖರ್ಚಿಲ್ಲದ ಆ ಭಾಷೆಯನ್ನು ಯಾರೂ ಕಲಿಸಬೇಕಾಗಿಲ್ಲ! ಮೊದಲ ದಿನ ತೆರೆಯ ಮೇಲೆ ಕಾಣಿಸಿಕೊಂಡವಳು ಸೊಸೆ. “ಅತ್ತೆ, ಊಟವಾಯಿತೇ?” ಎಂದಾಗ ಹಿರಿಯಮ್ಮನವರಿಗೆ ಉತ್ತರ ಹೊರಡಲಿಲ್ಲ.

ಕಾಗದದ ಕಾಲದಲ್ಲಿ ಬೊಂಬಾಯಿಗೆ ಹೋದ ಮಗನ ಉತ್ತರಕ್ಕೆ ನಮ್ಮ ಮನೆಗಳಲ್ಲಿ ವಾರಗಟ್ಟಲೆ ಕಾಯುತ್ತಿದ್ದರು. ತಡವಾದರೆ ದೂರುತ್ತಿದ್ದುದು ಅಂಚೆಯನ್ನು, ಮಗನ ಮನಸ್ಸನ್ನಲ್ಲ. ಇಂದು ಹತ್ತು ನಿಮಿಷದ ಮೌನಕ್ಕೇ ನೂರು ಅರ್ಥ ಹಚ್ಚುತ್ತೇವೆ.

ಮೊನ್ನೆ ರಾತ್ರಿ ಒಂಬತ್ತು ಹೊಡೆದರೂ ಕರೆ ಬರಲಿಲ್ಲ. ಹಿರಿಯಮ್ಮನವರು ಮೊಬೈಲನ್ನು ಪಕ್ಕಕ್ಕಿಟ್ಟು, “ಅಲ್ಲಿ ನೆಟ್‌ವರ್ಕು ಕೆಟ್ಟಿರಬೇಕು. ಪಾಪ, ಸೊಸೆ ಎಷ್ಟು ಸಲ ಪ್ರಯತ್ನಿಸಿದಳೋ!” ಎಂದರು.