ಹಳೆ ಲಾರಿಯ ಸೀಟ್ ಬೆಲ್ಟ್: ಹಾಕಿಕೊಂಡರಷ್ಟೇ ಸಾಲದು

ನ್ಯೂ ಟೌನ್ ಇನ್ನೂ ಕಟ್ಟಿ ಮುಗಿಯದ ಊರು. ರಾತ್ರಿಯಾಯಿತೆಂದರೆ ಬಿಶ್ವ ಬಾಂಗ್ಲಾ ಸರಣಿಯಲ್ಲಿ ಮರಳು, ಜಲ್ಲಿ, ಇಟ್ಟಿಗೆ, ಕಬ್ಬಿಣದ ಸರಳು ಹೊತ್ತ ಲಾರಿಗಳು ಓಡಾಡುತ್ತವೆ. ಇಲ್ಲಿ ನೆಲೆಸಿರುವ ಕನ್ನಡಿಗರಿಗೂ ಲಾರಿಯ ನಂಟು ತಪ್ಪಿದ್ದಲ್ಲ. ವರ್ಗಾವಣೆಯಾದಾಗ ಮನೆ ಸಾಮಾನು, ರಾಜ್ಯೋತ್ಸವಕ್ಕೆ ಕುರ್ಚಿ, ಶಾಮಿಯಾನ, ಅಡುಗೆ ಪಾತ್ರೆ, ಗಣೇಶನ ವಿಸರ್ಜನೆ ಎಲ್ಲಕ್ಕೂ ಬಾಡಿಗೆ ಲಾರಿಯೋ, ಈ ಊರಿನವರು ‘ಮ್ಯಾಟಡೋರ್’ ಎಂದು ಕರೆಯುವ ಸಣ್ಣ ಟ್ರಕ್ಕೋ ಬೇಕು. ಬಾಡಿಗೆ ಎಷ್ಟು, ಕೂಲಿ ಸೇರಿದೆಯೇ, ಟೋಲ್ ಯಾರ ಲೆಕ್ಕಕ್ಕೆ ಎಂದು ಅರ್ಧ ಗಂಟೆ ಚೌಕಾಸಿ ಮಾಡುವ ಪದಾಧಿಕಾರಿಗಳು ಚಾಲಕನ ಸೀಟ್ ಬೆಲ್ಟ್ ಸರಿಯಿದೆಯೇ ಎಂದು ಕೇಳಿದ್ದು ಮಾತ್ರ ಬಹಳ ಅಪರೂಪ. ಟೈರನ್ನು ಕೋಲಿನಿಂದ ಬಡಿದು ಗಾಳಿ ನೋಡುವ ಚಾಲಕರೂ ಬೆಲ್ಟನ್ನು ಜಗ್ಗಿ ನೋಡುವುದಿಲ್ಲ.

ಕಾನೂನೇನೋ ಸ್ಪಷ್ಟವಾಗಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 194ಬಿ ಕಲಮಿನ ಪ್ರಕಾರ ಬೆಲ್ಟ್ ಧರಿಸದೆ ವಾಹನ ಓಡಿಸಿದರೆ 1,000 ರೂಪಾಯಿ ದಂಡ. ಪಕ್ಕದಲ್ಲಿ ಕುಳಿತವರು ಧರಿಸದಿದ್ದರೂ ಅದಕ್ಕೆ ಉತ್ತರ ಹೇಳಬೇಕಾದವನು ಚಾಲಕನೇ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಕಾರಿನ ಹಿಂದಿನ ಆಸನದಲ್ಲಿ ಬೆಲ್ಟ್ ಇಲ್ಲದೆ ಕುಳಿತಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ಅಪಘಾತದಲ್ಲಿ ಮೃತಪಟ್ಟ ಮೇಲೆ ದೇಶವೆಲ್ಲ ಬೆಲ್ಟಿನ ಬಗ್ಗೆ ಮಾತನಾಡಿತು. ಆ ಮಾತೆಲ್ಲ ಕಾರಿಗೇ ಮುಗಿಯಿತು. ಅದೇ 2022ರಲ್ಲಿ ಬೆಲ್ಟ್ ಧರಿಸದೆ ಸತ್ತವರು 16,715 ಮಂದಿ, ಅವರಲ್ಲಿ 8,384 ಮಂದಿ ಚಾಲಕರು ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಆದರೆ ಬೆಲ್ಟ್ ಹಾಕಿಕೊಂಡೂ ಅದು ಹಿಡಿಯದೆ ಹೋದದ್ದಕ್ಕೆ ಇಂಥ ಅಂಕಣವೇ ಇಲ್ಲ. ರಸ್ತೆಯಲ್ಲಿ ನಿಂತ ಪೊಲೀಸರಿಗೆ ಕಾಣುವುದು ಎದೆಯ ಮೇಲಿನ ಪಟ್ಟಿ ಮಾತ್ರ. ಅದರ ಇನ್ನೊಂದು ತುದಿ ತುಕ್ಕು ಹಿಡಿದ ತಗಡಿಗೆ ಸಿಕ್ಕಿಸಿದೆಯೇ ಎಂಬುದು ಅವರಿಗೆ ಹೇಗೆ ತಿಳಿಯಬೇಕು?

ಲಾರಿ ಹಳತಾದಂತೆ ಈ ಪ್ರಶ್ನೆ ದೊಡ್ಡದಾಗುತ್ತದೆ. ಕಲ್ಕತ್ತಾ ಹೈಕೋರ್ಟಿನ 2008ರ ಆದೇಶದಂತೆ, 15 ವರ್ಷ ಮೀರಿದ ವಾಣಿಜ್ಯ ವಾಹನಗಳನ್ನು ಈ ಮಹಾನಗರದ ರಸ್ತೆಗಳಿಂದ ತೆಗೆಯುವ ಕೆಲಸ 2009ರ ಆಗಸ್ಟ್‌ನಲ್ಲಿ ಶುರುವಾಯಿತು. ಅದು ಹೊಗೆಯ ಕಾರಣಕ್ಕೆ. ಹತ್ತು ಹನ್ನೆರಡು ವರ್ಷದ ಲಾರಿಗೆ ಅಡ್ಡಿಯೇನಿಲ್ಲ. ಬೆಲ್ಟಿನ ಮಟ್ಟಿಗೆ ಅದು ಮುಪ್ಪಿನ ವಯಸ್ಸು. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿವರ್ಷ ಫಿಟ್‌ನೆಸ್ ಪತ್ರ ಬೇಕು, ನಿಜ. ಆದರೆ ತಪಾಸಣೆ ಒಂದು ದಿನದ್ದು, ಉಳಿದ 364 ದಿನ ಸಿಮೆಂಟಿನ ಧೂಳು, ಬಿಸಿಲು, ಬಂಗಾಳದ ಮಳೆಯದ್ದು.

ಪರೀಕ್ಷೆಗೆ ಮೆಕ್ಯಾನಿಕ್ಕೇ ಬೇಕೆಂದಿಲ್ಲ. ಮೊದಲು ಪಟ್ಟಿಯನ್ನು ಕೊನೆಯವರೆಗೂ ಎಳೆದು ಹಗಲು ಬೆಳಕಿನಲ್ಲಿ ಎರಡೂ ಬದಿ ನೋಡಬೇಕು. ಒಳಗೆ ಸುತ್ತಿಕೊಂಡ ಭಾಗ ಬಣ್ಣ ಉಳಿಸಿಕೊಂಡು, ಹೊರಗಿನ ಭಾಗ ಬೆಳ್ಳಗೆ ಒರಟಾಗಿದ್ದರೆ ಬಿಸಿಲು ನೂಲನ್ನು ತಿಂದಿದೆ ಎಂದರ್ಥ. ಅಂಚಿನಲ್ಲಿ ನೂಲು ಎದ್ದಿರುವುದು, ಬೀಡಿಯ ಕಿಡಿ ಸುಟ್ಟ ತೂತು, ಬಾಗಿಲಿಗೆ ಸಿಕ್ಕಿ ಕತ್ತರಿಸಿದ ಗುರುತು, ತುದಿಯ ಹೊಲಿಗೆ ಬಿಟ್ಟಿರುವುದು, ಇವುಗಳಲ್ಲಿ ಒಂದಿದ್ದರೂ ಆ ಬೆಲ್ಟಿನ ಆಯುಸ್ಸು ಮುಗಿಯಿತು. ಚಮ್ಮಾರರ ಕೈಯಲ್ಲಿ ಹೊಲಿಸುವುದು, ಗಂಟು ಹಾಕುವುದು ಸಲ್ಲದು. ಚೀಲದ ಬಾಯಿ ಕಟ್ಟುವ ಹೊಲಿಗೆಯಲ್ಲವಿದು. ಒಂದು ಕ್ಷಣದಲ್ಲಿ ಮನುಷ್ಯನ ತೂಕದ ಹಲವು ಪಟ್ಟು ಎಳೆತ ತಡೆಯಬೇಕಾದದ್ದು.

ಆಮೇಲೆ ಪಟ್ಟಿಯನ್ನು ಸುತ್ತಿಕೊಳ್ಳುವ ಸುರುಳಿ. ನಿಧಾನವಾಗಿ ಎಳೆದರೆ ಬರಬೇಕು, ಫಕ್ಕನೆ ಜಗ್ಗಿದರೆ ಬಿಗಿಯಬೇಕು, ಬಿಟ್ಟರೆ ತಾನಾಗಿ ಒಳಸರಿಯಬೇಕು. ಕೆಲವು ಸುರುಳಿಗಳು ಕೈ ಜಗ್ಗುವಿಕೆಗೆ ಬಿಗಿಯುವುದಿಲ್ಲ, ವಾಹನದ ವೇಗ ಹಠಾತ್ತನೆ ಇಳಿದಾಗಷ್ಟೇ ಬಿಗಿಯುತ್ತವೆ. ಅಂಥವನ್ನು ಜನರಿಲ್ಲದ ಖಾಲಿ ಮೈದಾನದಲ್ಲಿ, ಸರಕಿಲ್ಲದ ಲಾರಿಯನ್ನು ತೀರ ನಿಧಾನವಾಗಿ ಓಡಿಸಿ ಬ್ರೇಕ್ ಒತ್ತಿ ನೋಡಬೇಕು. ಬಕಲ್‌ನಲ್ಲಿ ‘ಟಕ್’ ಎಂಬ ಸದ್ದು ಬಂದ ಮೇಲೂ ಒಮ್ಮೆ ಜಗ್ಗುವುದು ಒಳ್ಳೆಯದು. ಮರಳು, ಗುಟ್ಕಾ ಪ್ಯಾಕೆಟ್ಟಿನ ಚೂರು, ಚಿಲ್ಲರೆ ನಾಣ್ಯ ಅದರೊಳಗೆ ಸೇರಿಕೊಂಡರೆ ಅರ್ಧ ಮಾತ್ರ ಕಚ್ಚಿಕೊಳ್ಳುತ್ತದೆ.

ಎಲ್ಲಕ್ಕಿಂತ ಮೋಸ ಹೋಗುವುದು ಬೋಲ್ಟುಗಳಲ್ಲಿ. ಕಂಪನಿಯಿಂದ ಬರೀ ಚಾಸಿಸ್ ಕೊಂಡು, ಗ್ಯಾರೇಜಿನಲ್ಲಿ ಮರ ಮತ್ತು ತಗಡಿನಿಂದ ಕ್ಯಾಬಿನ್ ಕಟ್ಟಿಸುವ ಪದ್ಧತಿ ನಮ್ಮ ದೇಶದಲ್ಲಿ ಬಹುಕಾಲ ಇತ್ತು. ಅಂಥ ಹಳೆ ಕ್ಯಾಬಿನ್ನುಗಳಲ್ಲಿ ಬೆಲ್ಟನ್ನು ಮರದ ಕಂಬಕ್ಕೆ ಸ್ಕ್ರೂ ಹೊಡೆದು ನಿಲ್ಲಿಸಿದ್ದರೆ ಅದು ನೋಟಕ್ಕೆ ಮಾತ್ರ ಬೆಲ್ಟ್. ಉಕ್ಕಿನ ಚೌಕಟ್ಟಿಗೆ, ಹಿಂದೆ ದಪ್ಪ ತಗಡಿನ ಆಸರೆ ಕೊಟ್ಟು, ಬೆಲ್ಟಿಗೆಂದೇ ಬರುವ ಗಟ್ಟಿ ಬೋಲ್ಟಿನಿಂದಲೇ ಬಿಗಿಸಬೇಕು. ಕಬ್ಬಿಣದ ಅಂಗಡಿಯ ಸಾಮಾನ್ಯ ಬೋಲ್ಟ್ ಆಗದು. ಸೀಟಿನ ಕೆಳಗಿನ ಚಾಪೆ ಎತ್ತಿ ನೆಲದ ತಗಡಿಗೆ ತುಕ್ಕು ಹಿಡಿದಿದೆಯೇ ಎಂದೂ ನೋಡಬೇಕು. ಈ ಕೆಲಸ ಮಾತ್ರ ತಿಳಿದ ಮೆಕ್ಯಾನಿಕ್ಕಿನದು.

ನಿಗಾ ಸರಳ. ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರು, ಸಾಧಾರಣ ಸೋಪಿನಿಂದ ಪಟ್ಟಿಯನ್ನು ಒರೆಸಿ, ನೆರಳಿನಲ್ಲಿ ಪೂರ್ತಿ ಒಣಗಿದ ಮೇಲೆ ಸುತ್ತಿಕೊಳ್ಳಲು ಬಿಡಬೇಕು. ಭುಜದ ಮೇಲ್ಗಡೆ ಪಟ್ಟಿ ಹಾದುಬರುವ ಬಳೆಯಲ್ಲಿ ಕೂರುವ ಜಿಡ್ಡನ್ನು ತೆಗೆದರೆ ಎಷ್ಟೋ ‘ಕೆಟ್ಟುಹೋದ’ ಸುರುಳಿಗಳು ಸರಿಯಾಗಿ ಸುತ್ತುತ್ತವೆ. ಸೀಮೆಎಣ್ಣೆ, ಬ್ಲೀಚಿಂಗ್ ಪುಡಿ, ಬಣ್ಣ ಬೇಡ. ಸುರುಳಿಗೆ ಎಣ್ಣೆಯನ್ನೂ ಬಿಡಬಾರದು, ಅದು ಧೂಳನ್ನು ಹಿಡಿದಿಡುತ್ತದೆ. ದೊಡ್ಡ ಅಪಘಾತ ಕಂಡ ಬೆಲ್ಟ್ ಹೊರಗೆ ಚೆನ್ನಾಗಿ ಕಂಡರೂ ಪಟ್ಟಿ, ಸುರುಳಿ, ಬಕಲ್ ಎಲ್ಲವನ್ನೂ ಬದಲಿಸಲೇಬೇಕು.

ಹಳೆ ಲಾರಿಯ ಯಜಮಾನರು ಖರ್ಚಿನ ಮಾತೆತ್ತುವುದು ಸಹಜ. ಲಾರಿಯ ಒಂದು ಟೈರಿನ ಬೆಲೆಯ ಮುಂದೆ ಹೊಸ ಬೆಲ್ಟಿನ ಬೆಲೆ ಅಲ್ಪವೇ. ಭಾರ ಹೊತ್ತ ಲಾರಿ ಮಗುಚಿದಾಗ ಚಾಲಕನನ್ನು ಕ್ಯಾಬಿನ್ನಿನಿಂದ ಹೊರಗೆ ಎಸೆಯದಂತೆ ತಡೆಯುವುದು ಈ ಪಟ್ಟಿಯೇ. ಹೊರಗೆ ಬಿದ್ದವನ ಮೇಲೆ ಅವನದೇ ಲಾರಿ ಉರುಳುವುದುಂಟು. ಇನ್ನು ಪಕ್ಕದಲ್ಲಿ ಕೂರುವ ಖಲಾಸಿ ಹುಡುಗ. ಅವನ ಬೆಲ್ಟ್ ಸೀಟಿನ ಸಂದಿಯಲ್ಲಿ ಹೂತುಹೋಗಿರುತ್ತದೆ, ಎಷ್ಟೋ ಕಡೆ ಇರುವುದೇ ಇಲ್ಲ. ಹಳ್ಳಿ ಬಿಟ್ಟು ದುಡಿಯಲು ಬಂದವನು ಅವನೂ ಹೌದು ಎಂಬುದನ್ನು ಹೊರನಾಡ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ವಿಸರ್ಜನೆಯ ದಿನ ಮೂರ್ತಿಯ ಸುತ್ತ ಸರಕಿನ ಪೆಟ್ಟಿಗೆಯಲ್ಲಿ ಹುಡುಗರು ನಿಂತು ಸಾಗುವುದಕ್ಕೆ ಯಾವ ಬೆಲ್ಟೂ ಪರಿಹಾರವಲ್ಲ. ಅವರಿಗೆ ಒಂದು ಬಸ್ಸನ್ನೋ ನಾಲ್ಕು ಕಾರುಗಳನ್ನೋ ಗೊತ್ತು ಮಾಡಿದರೆ ಸಂಘದ ಖರ್ಚಿನ ಪುಸ್ತಕ ಮುಳುಗಿಹೋಗುವುದಿಲ್ಲ.

ಸಂಘಗಳಿಗೆ ಇಲ್ಲಿ ಒಂದು ಶಕ್ತಿ ಇದೆ: ಬಾಡಿಗೆ ಕೊಡುವವರು ಅವರು. ಮುಂಗಡ ಕೊಡುವ ಮೊದಲು ಕಾರ್ಯದರ್ಶಿಗಳೋ, ಜವಾಬ್ದಾರಿ ಹೊತ್ತ ಸದಸ್ಯರೋ ‘ದಾದಾ, ಎರಡೂ ಬೆಲ್ಟ್ ಒಮ್ಮೆ ಎಳೆದು ತೋರಿಸಿ’ ಎಂದರೆ ಸಾಕು, ಎರಡು ನಿಮಿಷದ ಕೆಲಸ. ಫಿಟ್‌ನೆಸ್ ಪತ್ರದ ತಾರೀಖನ್ನೂ ಆಗಲೇ ನೋಡಬಹುದು. ತೋರಿಸಲು ಒಪ್ಪದ ಲಾರಿ ಬೇಡವೆನ್ನುವುದಕ್ಕೆ ಸಂಕೋಚವೇಕೆ? ವರ್ಷವಿಡೀ ಒಂದೇ ವಾಹನವನ್ನು ಕರೆಯುವ ಹೋಟೆಲ್ ಮತ್ತು ಅಡುಗೆ ಗುತ್ತಿಗೆಯ ಬಂಧುಗಳು, ಬೆಲ್ಟ್ ಬದಲಿಸುವ ಖರ್ಚಿನಲ್ಲಿ ಪಾಲು ಕೊಡುವುದಾಗಿ ಹೇಳಿದರೆ ಯಜಮಾನರ ಮನಸ್ಸು ಬೇಗ ಕರಗೀತು.

ಕೊಳ್ಳುವಾಗ ಹೊಸದನ್ನೇ ಕೊಳ್ಳಬೇಕು. ಮಲ್ಲಿಕ್ ಬಜಾರಿನಂಥ ಹಳೆ ಬಿಡಿಭಾಗಗಳ ಪೇಟೆಯಲ್ಲಿ ಬಾಗಿಲು, ಕನ್ನಡಿ, ದೀಪ ಹುಡುಕಬಹುದು; ಆದರೆ ಹಳೆ ಬೆಲ್ಟ್ ಯಾವ ಅಪಘಾತದಿಂದ ಬಂದದ್ದೆಂದು ಅದರ ಮೇಲೆ ಬರೆದಿರುವುದಿಲ್ಲ. ಬಿಚ್ಚಿದ ಹಳೆ ಬೆಲ್ಟನ್ನು ಗುಜರಿಗೆ ಹಾಕುವ ಮುನ್ನ ಕತ್ತರಿಯಿಂದ ಎರಡು ತುಂಡು ಮಾಡಿಬಿಡಬೇಕು, ಮತ್ತೊಂದು ಲಾರಿಯ ಸೀಟಿಗೆ ಅದು ಹೋಗಿ ಸೇರದಂತೆ.