ಧೂಳಖೇಡ ದಾಟುವ ಮುನ್ನ

ನಮ್ಮ ಮನೆತನದಲ್ಲಿ ಈಗ ಇಬ್ಬರು ಊರು ಬದಲಿಸುವ ತಯಾರಿಯಲ್ಲಿದ್ದೇವೆ. ನಾನು ಗೊಳಸಂಗಿಯಿಂದ ಪುಣೆ ಹತ್ತಿರದ ಚಾಕಣ್‌ಗೆ. ದೊಡ್ಡಪ್ಪನ ಮಗ ಸ್ವೀಡನ್ನಿನ ಗೋಥೆನ್‌ಬರ್ಗ್‌ನಿಂದ ನಾರ್ವೆಯ ಓಸ್ಲೊಗೆ. ನನ್ನದು ಡಿಪ್ಲೊಮಾ ಮುಗಿಸಿದ ಮೇಲೆ ಸಿಕ್ಕ ಮೊದಲ ಕೆಲಸ, ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ. ಅವನದು ಎರಡನೇ ಕೆಲಸ, ಸಾಫ್ಟ್‌ವೇರ್. ದೂರವೂ ಹೆಚ್ಚುಕಡಿಮೆ ಒಂದೇ ಅಳತೆಯದು: ಅವನಿಗೆ ಮುನ್ನೂರು ಕಿಲೋಮೀಟರ್, ನನಗೆ ನಾನೂರು. ಬೆಂಗಳೂರು ನಮಗೆ ಇದಕ್ಕಿಂತ ದೂರ.

ಅವ್ವ ಅನ್ನುತ್ತಾಳೆ: 'ಅವ ದೇಶ ಬಿಟ್ಟು ದೇಶಕ್ಕ ಹೊಂಟಾನ. ನಿಂದೇನು, ಸೊಲ್ಲಾಪುರ ದಾಟಿದ್ರ ಮುಗೀತು. ನಿನಗ್ಯಾಕ ಇಷ್ಟು ಕಾಗದಪತ್ರ?' ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ತಿಳಿದದ್ದನ್ನು ಬರೆಯುತ್ತಿದ್ದೇನೆ. ನನ್ನಂತೆಯೇ ಪುಣೆ, ಗೋವಾ, ಹೈದರಾಬಾದ್ ಕಡೆ ಬ್ಯಾಗ್ ಕಟ್ಟುತ್ತಿರುವವರಿಗೆ ಉಪಯೋಗವಾದೀತು.

ಅಣ್ಣನ ಜೊತೆ ಕೆಲಸ ಮಾಡುವ ಸ್ವೀಡನ್ನಿನ ಪ್ರಜೆಯೊಬ್ಬನೂ ಅದೇ ತಿಂಗಳು ಓಸ್ಲೊಗೆ ಹೊರಟಿದ್ದಾನೆ. ಅವನಿಗೆ ವೀಸಾ ಬೇಡ, ವಾಸದ ಪರವಾನಗಿ ಬೇಡ, ಕೆಲಸದ ಪರವಾನಗಿಯೂ ಬೇಡ. ಆರು ತಿಂಗಳಿಗಿಂತ ಹೆಚ್ಚು ಇರುವುದಾದರೆ ಅಲ್ಲಿ ಇಳಿದ ಎಂಟು ದಿನದೊಳಗೆ ನಾರ್ವೆಯ ತೆರಿಗೆ ಇಲಾಖೆಗೆ ಹೋಗಿ 'ಬಂದಿದ್ದೇನೆ' ಎಂದು ತಿಳಿಸಬೇಕು. ಆ ಕಚೇರಿಯೇ ಸ್ವೀಡನ್ನಿನ ಕಚೇರಿಗೆ ಸುದ್ದಿ ಮುಟ್ಟಿಸುತ್ತದೆ. ಇಲ್ಲಿ ಹೆಸರು ಸೇರುತ್ತದೆ, ಅಲ್ಲಿ ತೆಗೆಯುತ್ತಾರೆ. ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಫಿನ್ಲೆಂಡ್, ಐಸ್‌ಲೆಂಡ್ ಈ ಐದೂ ದೇಶಗಳ ನಡುವೆ ಇಂಥ ಒಪ್ಪಂದಗಳಿವೆ. ಇದರ ಬೇರು 1954ರಲ್ಲಿದೆ. ಯಾರು ಬೇಕಾದರೂ ಪಕ್ಕದ ದೇಶದಲ್ಲಿ ದುಡಿಯಬಹುದೆಂಬ ಸಾಮಾನ್ಯ ಕಾರ್ಮಿಕ ಮಾರುಕಟ್ಟೆಯ ಒಪ್ಪಂದ ಆಗ ಆಯಿತು. ಸಾಮಾಜಿಕ ಭದ್ರತೆಯ ಒಪ್ಪಂದ ಮರುವರ್ಷವೇ ಬಂತು. 1981ರಲ್ಲಿ ಭಾಷೆಗೂ ಒಂದು ಒಪ್ಪಂದ ಮಾಡಿಕೊಂಡರು: ಸ್ವೀಡನ್ನಿನವನು ಡೆನ್ಮಾರ್ಕಿನ ಕಚೇರಿಯಲ್ಲಿ ತನ್ನ ಭಾಷೆಯಲ್ಲೇ ವ್ಯವಹರಿಸಲು ಅವಕಾಶವಿರಬೇಕು ಎಂದು.

ಆದರೆ ನಮ್ಮ ಅಣ್ಣನಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಅವನ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್. ಸ್ವೀಡನ್ ಕೊಟ್ಟ ಪರವಾನಗಿ ಸ್ವೀಡನ್ನಿಗೆ ಮಾತ್ರ. ನಾರ್ವೆಗೆ ಹೊಸದಾಗಿ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಕೆಲಸದ ಕರಾರು, ಪದವಿಯ ದಾಖಲೆ ಎಲ್ಲವನ್ನೂ ಮತ್ತೊಮ್ಮೆ ಕೊಡಬೇಕು. ಗಡಿಯಲ್ಲಿ ಗೇಟಿಲ್ಲ, ಬಸ್ಸು ನಿಲ್ಲುವುದೂ ಇಲ್ಲ, ಆದರೂ ಒಂದೇ ಕಂಪನಿಯ ಇಬ್ಬರಲ್ಲಿ ಒಬ್ಬನಿಗೆ ಅದು ಪಕ್ಕದ ಊರು, ಇನ್ನೊಬ್ಬನಿಗೆ ಪರದೇಶ. ಅವನು ಫೋನಿನಲ್ಲಿ ಇದನ್ನು ಹೇಳಿದಾಗ ನನಗೆ ನೆನಪಾದದ್ದು ನನ್ನ ಗೆಳೆಯ.

ಅವನು ನಮ್ಮೂರಿನ ಪಕ್ಕದ ತಾಂಡಾದವನು, ನನ್ನದೇ ಬ್ಯಾಚು. ಇಬ್ಬರೂ ಒಂದೇ ಕಾರ್ಖಾನೆಗೆ ಆಯ್ಕೆಯಾಗಿದ್ದೇವೆ. ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿ. ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಅದೇ ಜನ, ಅದೇ ಮಾತು, ಸೇವಾಲಾಲರ ಅದೇ ಗುಡಿ. ಭೀಮಾ ನದಿ ದಾಟಿದ ಕೂಡಲೇ ಪಟ್ಟಿ ಬದಲು. ಹಾಗಾದರೆ ಅವನು ಮಹಾರಾಷ್ಟ್ರ ಸರ್ಕಾರದ ಹುದ್ದೆಗೆ ಅರ್ಜಿ ಹಾಕಿದರೆ ಏನಾಗುತ್ತದೆ? ಕರ್ನಾಟಕದ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ಒಂದು ರಾಜ್ಯದ ಪರಿಶಿಷ್ಟರು ಇನ್ನೊಂದು ರಾಜ್ಯದ ಸೇವೆಯಲ್ಲಿ ಮೀಸಲಾತಿ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2018ರಲ್ಲಿ ಬೀರ್ ಸಿಂಗ್ ಪ್ರಕರಣದಲ್ಲಿ ಮತ್ತೆ ಖಚಿತಪಡಿಸಿದೆ. ಅಲ್ಲಿಯ ವಿಮುಕ್ತ ಜಾತಿ ಪ್ರಮಾಣಪತ್ರ ಬೇಕೆಂದರೆ ಕುಟುಂಬ 1961ರ ನವೆಂಬರ್ 21ಕ್ಕೂ ಮೊದಲು ಮಹಾರಾಷ್ಟ್ರದಲ್ಲಿ ನೆಲೆಸಿದ್ದ ದಾಖಲೆ ಕೇಳುತ್ತಾರೆ. ಅವನು ಹುಟ್ಟಿದ್ದೇ 2002ರಲ್ಲಿ. ಕೇಂದ್ರ ಸರ್ಕಾರದ ನೇಮಕಾತಿಗೆ ಮಾತ್ರ ಇಲ್ಲಿಯ ಪ್ರಮಾಣಪತ್ರ ಎಲ್ಲಿದ್ದರೂ ನಡೆಯುತ್ತದೆ. ರೈಲ್ವೆ, ಬ್ಯಾಂಕ್, ಎಸ್‌ಎಸ್‌ಸಿಗೆ ಓದುತ್ತಿರುವವರು ಇದನ್ನು ನೆನಪಿಟ್ಟುಕೊಳ್ಳಿ.

ಕೋರ್ಟಿನ ತರ್ಕ ಅರ್ಥವಾಗದ್ದೇನಲ್ಲ. ಒಂದು ಸಮುದಾಯದ ಹಿಂದುಳಿದಿರುವಿಕೆಯನ್ನು ಆಯಾ ರಾಜ್ಯದ ಸ್ಥಿತಿ ನೋಡಿ ಅಳೆದಿರುತ್ತಾರೆ. ಆದರೆ ಜಾತಿ ಅನ್ನುವುದು ಬಾಡಿಗೆ ರೂಮಿನ ಬಾಗಿಲಲ್ಲೇ ನಮ್ಮನ್ನು ಕಾಯುತ್ತಿರುತ್ತದೆ, ಅದಕ್ಕೆ ಪರಿಹಾರ ಮಾತ್ರ ಧೂಳಖೇಡ ಚೆಕ್‌ಪೋಸ್ಟ್‌ನಲ್ಲೇ ಉಳಿದುಬಿಡುತ್ತದೆ.

ಇನ್ನು ಉಳಿದ ಕಾಗದಗಳು. ಕೆಲವು ಸಲೀಸಾಗಿವೆ, ಅದನ್ನೂ ಹೇಳಬೇಕು. ಡ್ರೈವಿಂಗ್ ಲೈಸೆನ್ಸ್ ದೇಶವಿಡೀ ನಡೆಯುತ್ತದೆ. ಭವಿಷ್ಯನಿಧಿಯ ಯುಎಎನ್ ಸಂಖ್ಯೆ ಯಾವ ರಾಜ್ಯದಲ್ಲಿ ಯಾವ ಕಂಪನಿ ಸೇರಿದರೂ ಅದೇ ಇರುತ್ತದೆ. ಪಡಿತರ ಚೀಟಿಯೂ 2022ರಿಂದ ಎಲ್ಲ ರಾಜ್ಯಗಳಲ್ಲಿ ನಡೆಯುತ್ತದೆ. ಗೆಳೆಯ ಹೆಂಡತಿ, ಮಗುವನ್ನೂ ಕರೆದೊಯ್ಯುತ್ತಿದ್ದಾನೆ. ಅವರ ಪಾಲು ಅಲ್ಲಿ ಪಡೆದು, ತಾಂಡಾದಲ್ಲಿ ಉಳಿಯುವ ತಂದೆ ತಾಯಿಯ ಪಾಲು ಇಲ್ಲಿ ಪಡೆಯಲು ಬರುತ್ತದೆ. ಆದರೆ ದಾಟುವುದು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪಾಲು ಮಾತ್ರ. ರಾಜ್ಯ ತನ್ನ ಕೈಯಿಂದ ಸೇರಿಸಿ ಕೊಡುವುದು ರಾಜ್ಯದಲ್ಲೇ ನಿಲ್ಲುತ್ತದೆ.

ಬೈಕಿನ ಕಥೆಯೇ ಬೇರೆ. ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಗಾಡಿ ಇಟ್ಟುಕೊಂಡರೆ ಅಲ್ಲಿಯ ನಂಬರು ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ. ಅದಕ್ಕೆ ಇಲ್ಲಿಂದ ನಿರಾಕ್ಷೇಪಣಾ ಪತ್ರ, ನನ್ನ ಗಾಡಿ ಸಾಲದ್ದಾದ್ದರಿಂದ ಸಾಲ ಕೊಟ್ಟವರ ಒಪ್ಪಿಗೆ, ಅಲ್ಲಿ ಹೊಸ ತೆರಿಗೆ, ಇಲ್ಲಿ ಕಟ್ಟಿದ ತೆರಿಗೆಯ ಉಳಿಕೆಗೆ ಇನ್ನೊಂದು ಅರ್ಜಿ. 2021ರಲ್ಲಿ ಬಂದ ಬಿಎಚ್ ಸರಣಿಯ ನಂಬರು ಸರ್ಕಾರಿ ನೌಕರರಿಗೆ ಮತ್ತು ನಾಲ್ಕಕ್ಕಿಂತ ಕಡಿಮೆಯಿಲ್ಲದಂತೆ ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಯವರಿಗೆ. ನನ್ನ ಕಾರ್ಖಾನೆಗೆ ಇರುವುದು ಒಂದೇ ಶೆಡ್ಡು. ಇದನ್ನು ಅಣ್ಣನಿಗೆ ಹೇಳಿ ಗೊಣಗಿದರೆ ಅವನು ನಕ್ಕ. ಅವನ ಸ್ವೀಡನ್ನಿನ ಗೆಳೆಯ ಎಲ್ಲ ಸಲೀಸಾಗಿ ಮುಗಿಸಿ ಸಿಕ್ಕಿಹಾಕಿಕೊಂಡದ್ದೂ ಕಾರಿನಲ್ಲೇ ಅಂತೆ. ನಾರ್ವೆ ಐರೋಪ್ಯ ಒಕ್ಕೂಟದಲ್ಲಿಲ್ಲ, ಹೊರಗಿನಿಂದ ತಂದ ಕಾರನ್ನು ಅಲ್ಲಿ ನೋಂದಾಯಿಸಲು ದೊಡ್ಡ ತೆರಿಗೆ. ಗಾಡಿ ಅಂದರೆ ಎಲ್ಲ ಸರ್ಕಾರಗಳಿಗೂ ಒಂದೇ ಪ್ರೀತಿ.

ಅಲ್ಲಿಯದು ಸ್ವರ್ಗ ಅಂತ ನಾನು ಹೇಳುತ್ತಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಡೆನ್ಮಾರ್ಕ್, ನಾರ್ವೆ ಎರಡೂ ಗಡಿ ಬಿಗಿ ಮಾಡಿದವು. ದಿನವೂ ಆಚೆ ಹೋಗಿ ದುಡಿಯುತ್ತಿದ್ದ ಸ್ವೀಡನ್ನಿನವರು ಪರದಾಡಿದರು. ಅದೇ ವರ್ಷ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಬರುವವರನ್ನು ಕರ್ನಾಟಕವೂ ತಡೆಯಿತು. ಭೀಮಾ ಸೇತುವೆಯ ಆಚೆ ನಿಂತಿದ್ದವರು ಹೊರಗಿನವರಲ್ಲ, ಇಂಡಿ, ಸಿಂದಗಿ, ಮುದ್ದೇಬಿಹಾಳದ ನಮ್ಮವರೇ. ವ್ಯತ್ಯಾಸ ಇರುವುದು ಆಮೇಲೆ ಏನು ಮಾಡಿದರು ಎಂಬುದರಲ್ಲಿ. ಐದು ದೇಶಗಳವರು 2014ರಲ್ಲೇ ಒಂದು ಮಂಡಳಿ ಮಾಡಿಕೊಂಡಿದ್ದರು. ಗಡಿ ದಾಟುವವನಿಗೆ ಎಲ್ಲೆಲ್ಲಿ ತೊಡಕು ಎಂದು ಪಟ್ಟಿ ಮಾಡುವುದು, ಒಂದೊಂದನ್ನೇ ಬಿಡಿಸುವಂತೆ ಸರ್ಕಾರಗಳ ಬೆನ್ನು ಹತ್ತುವುದು ಅದರ ಕೆಲಸ. ಕೊರೊನಾದ ತೊಡಕುಗಳೂ ಆ ಪಟ್ಟಿಗೆ ಸೇರಿದವು. ನಮ್ಮಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರ ಕೂತು ಮಾತಾಡುವುದೆಂದರೆ ಗಡಿ ವಿವಾದ, ಆಲಮಟ್ಟಿಯ ಎತ್ತರ. ಬೈಕಿನ ನಂಬರು, ಜಾತಿ ಪ್ರಮಾಣಪತ್ರದ ಮಾತು ಆ ಮೇಜಿಗೆ ಬಂದದ್ದನ್ನು ನಾನು ಪತ್ರಿಕೆಯಲ್ಲಿ ಓದಿಲ್ಲ.

ಅವರು ಐದೂ ದೇಶ ಸೇರಿ 3 ಕೋಟಿಯೂ ಇಲ್ಲ, ನಮಗೆ ಹೋಲಿಕೆ ಸಲ್ಲದು ಅನ್ನಬಹುದು. ಆದರೆ 2011ರ ಜನಗಣತಿಯಲ್ಲೇ ಊರು ಬದಲಿಸಿದ ಭಾರತೀಯರು 45 ಕೋಟಿ. ನೂರು ಕೋಟಿಗೂ ಹೆಚ್ಚು ಜನರಿಗೆ ಆಧಾರ್ ಕೊಟ್ಟ ದೇಶಕ್ಕೆ ಎರಡು ರಾಜ್ಯಗಳ ಕಚೇರಿಗಳು ಪರಸ್ಪರ ಪತ್ರ ಬರೆಯುವಂತೆ ಮಾಡುವುದು ಅಸಾಧ್ಯವೇನಲ್ಲ. ಈಗ ಆ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಕೆಲಸ ನಮ್ಮದಾಗಿದೆ.

ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳ ಹುದ್ದೆಗಳನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ನಮ್ಮ ರಾಜ್ಯದ ಸಂಪುಟ ಒಪ್ಪಿಗೆ ಕೊಟ್ಟಾಗ ನಾನು ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿ ಕುಣಿದಿದ್ದೆ. ಅದನ್ನು ತಡೆಹಿಡಿದಾಗ ಸಿಟ್ಟಾಗಿದ್ದೆ. ಅದರಲ್ಲಿ ಸ್ಥಳೀಯ ಅಂದರೆ ಇಲ್ಲೇ ಹುಟ್ಟಿ 15 ವರ್ಷ ನೆಲೆಸಿದವನು. ಈಗ ಮಹಾರಾಷ್ಟ್ರದ ವಾಸ ಪ್ರಮಾಣಪತ್ರದ ನಿಯಮ ಓದಿದೆ. ಅಲ್ಲಿಯೂ 15 ವರ್ಷ. ಕೂಡಗಿಯ ಸ್ಥಾವರಕ್ಕೆ ಜಮೀನು ಕೊಟ್ಟ ಊರುಗಳ ಹುಡುಗರು ಅಲ್ಲಿ ಕೆಲಸ ಕೇಳಿದ್ದು ನ್ಯಾಯವೇ, ಅದನ್ನು ಇಂದಿಗೂ ಹೇಳುತ್ತೇನೆ. ಆದರೆ ಚಾಕಣ್‌ನ ಹುಡುಗ ಅದೇ ಮಾತನ್ನು ನನ್ನ ಮುಖಕ್ಕೆ ಹೇಳಿದರೆ ಏನುತ್ತರ ಕೊಡಲಿ ಎಂಬುದು ನನಗಿನ್ನೂ ಹೊಳೆದಿಲ್ಲ.

ಕೊನೆಗೆ ಉಳಿದದ್ದು ಮತ. ಹೊಸ ವಿಳಾಸಕ್ಕೆ ಹೆಸರು ಬದಲಿಸಲು ನಮೂನೆ 8 ಇದೆ. ತುಂಬಿದರೆ ಗೊಳಸಂಗಿಯ ಪಟ್ಟಿಯಿಂದ ಹೆಸರು ಹೋಗುತ್ತದೆ, ತುಂಬದಿದ್ದರೆ ಮತದಾನದ ದಿನ ರಜೆ ಹಾಕಿ ಬರಬೇಕು. ದೂರದಿಂದಲೇ ಮತ ಹಾಕುವ ಯಂತ್ರದ ಮಾದರಿಯನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತ್ತು, ಪಕ್ಷಗಳು ಒಪ್ಪಲಿಲ್ಲ. ಸದ್ಯಕ್ಕೆ ನಮೂನೆಯನ್ನು ತುಂಬದೇ ಇಟ್ಟಿದ್ದೇನೆ. ಬೈಕನ್ನು ಅಪ್ಪನಿಗೆ ಬಿಟ್ಟು ಹೋಗುತ್ತೇನೆ, ಕಂತು ನಾನೇ ಕಟ್ಟುತ್ತೇನೆ. ಗೆಳೆಯ ತನ್ನ ಜಾತಿ ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿ ಅವನ ಅವ್ವನ ಟ್ರಂಕಿನಲ್ಲಿ ಇಟ್ಟಿದ್ದಾನೆ. ಅಣ್ಣನ ನಾರ್ವೆ ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ. ನಾವು ಸೋಮವಾರ ಹೊರಡುತ್ತೇವೆ.